ಒಂದು ಮನೆ ಹಿಂದೆ

ಮುಳ್ಳು ಸುಳ್ಳು ಹೇಳುತ್ತದೆ ಅಂತ ಏಳುಮಲೈ ಬಂದದ್ದಲ್ಲ.
ಎಫ್‌ಸಿಗೆ ಹೋದಾಗ ಇನ್‌ಸ್ಪೆಕ್ಟರು ಬಗ್ಗಿ ನೋಡಿ
'ಇದೇನ್ರೀ, ಗೇರು ಡಿಯಲ್ಲಿದೆ, ಮುಳ್ಳು ಎನ್‌ನಲ್ಲಿದೆ' ಅಂದರಂತೆ.
ಹನ್ನೊಂದು ವರ್ಷದಲ್ಲಿ ಅದನ್ನು ಓದಿದ ಮೊದಲ ಮನುಷ್ಯ.

ಜೆ.ಸಿ. ರಸ್ತೆಯ ಒಳಗಲ್ಲಿ, ಜಬ್ಬಾರ್ ಚಾಚಾ ಬಿಟ್ಟುಹೋದ ಅಂಗಡಿ.
ಮೀಟರು, ಮುಳ್ಳು, ಡಯಲು, ಇಷ್ಟೇ ನನ್ನ ಕೆಲಸ.
ಎಂಜಿನ್ನು ಬಿಚ್ಚುವವರು ಎದುರು ಸಾಲಿನಲ್ಲಿ,
ಅವರ ಕೈ ನನ್ನದಕ್ಕಿಂತ ಕಪ್ಪು, ಕೂಲಿ ಎರಡರಷ್ಟು.

ಲಾರಿ ಅನ್ನುವುದು ಅವನು ಅದಕ್ಕೆ ಕೊಡುವ ಮರ್ಯಾದೆ.
ವೈಟ್‌ಫೀಲ್ಡಿನ ಮುದಿ ದೊರೆಯೊಬ್ಬ ಮಾರಿದ ಡಾಡ್ಜು,
ಕ್ಲಚ್ಚಿಲ್ಲ, ಸ್ಟೀರಿಂಗಿನ ಕೊರಳಿಗೇ ಗೇರಿನ ಕಡ್ಡಿ,
ಬೆಳಗಿನ ನಾಲ್ಕಕ್ಕೆ ಶಿವಾಜಿನಗರದ ಮೀನಿಗೆ ಐಸು ಹೊರುತ್ತದೆ.
ನಿಂತಲ್ಲೆಲ್ಲ ಒದ್ದೆ. ನಮ್ಮ ಗಲ್ಲಿಯ ನಾಯಿಗಳಿಗೆ ಅದು ಬಂದರೆ ಹಬ್ಬ.

ಇಂಗ್ಲಿಷ್ ಅಕ್ಷರ ಅವನಿಗೆ ಬಾರದು.
ಪಿ ಅಂದರೆ ಸೌಟು. ಆರ್ ಕಾಲು ಚಾಚಿದ ಸೌಟು.
ಎನ್ ಮುರಿದ ಏಣಿ. ಡಿ ಅರ್ಧ ದೋಸೆ.
'ಏಣಿಗೆ ಇಟ್ಟರೆ ಮುಂದೆ ಹೋಗುತ್ತೆ ಚೌಡಮ್ಮ,
ದೋಸೆ ಯಾಕೆ ಬರೆದವರೋ ಗೊತ್ತಿಲ್ಲ.'

ಡ್ಯಾಶ್‌ಬೋರ್ಡಿನ ಮುಖ ಕಳಚಿದೆ.
ಒಳಗೆ ಜೇಡದ ಮನೆ, ಒಂದು ಹಳೇ ಹತ್ತು ಪೈಸೆ,
ಮುಳ್ಳನ್ನು ಎಳೆಯುವ ಕೂದಲಿನಂಥ ತಂತಿ
ಜೋತುಬಿದ್ದು, ಎಳೆ ಬಿಟ್ಟು, ಇನ್ನೇನು ಹರಿಯುವ ಹಾಗೆ.
ಅದಕ್ಕೇ ಎಲ್ಲ ಒಂದು ಮನೆ ಹಿಂದೆ,
ಚೌಕಾಬಾರದಲ್ಲಿ ಏಟು ತಿಂದ ಕಾಯಿಯ ಹಾಗೆ.

ಆ ತಂತಿ ಈಗ ಯಾವ ಊರಲ್ಲೂ ಸಿಗದು.
ಸೈಕಲ್ ಬ್ರೇಕಿನದು ತೂತಿಗೆ ದಪ್ಪ.
ಕಬ್ಬನ್‌ಪೇಟೆಗೆ, ಅಮ್ಮನ ಮಗ್ಗದ ಮನೆಗೆ ಹೋದೆ.
ಹುರಿ ಮಾಡಿದ ರೇಷ್ಮೆ, ಮೂರೆಳೆ, ಮೇಣ ಸವರಿ,
ಮತ್ತೆ ಜಗ್ಗದಿರಲಿ ಅಂತ ಅರ್ಧ ಕೆಜಿ ಬಟ್ಟು ಕಟ್ಟಿ
ರಾತ್ರಿಯಿಡೀ ಕಿಟಕಿಗೆ ತೂಗುಬಿಟ್ಟೆ.
ಅಮ್ಮ ಕೇಳಿದಳು: ಯಾವ ಸೀರೆಗೆ?
ಐಸ್ ಗಾಡಿಗೆ ಅಂದೆ. ಅವಳು ನಗಲಿಲ್ಲ,
ಇನ್ನೊಂದು ಗೇಣು ಹೆಚ್ಚಿಗೆ ಕೊಟ್ಟಳು.

ಮಾರನೆ ದಿನ ಎಲ್ಲ ಸರಿ.
ಸೌಟಿಗೆ ಸೌಟು, ದೋಸೆಗೆ ದೋಸೆ.
ಮೇಲೊಂದು ಚೂರು ಕಿತ್ತಳೆ ಬಣ್ಣ ಹಚ್ಚಿ ಕಳಿಸಿದೆ.
ಜಬ್ಬಾರ್ ಚಾಚಾ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು,
ದುಡ್ಡಿಗೆ ಮಾತ್ರ ಕೈ ಅವರೇ ಚಾಚುತ್ತಿದ್ದರು.

ಮೂರನೇ ದಿನ ಬಂದ. ಹಿಂದಿನ ದೀಪ ಒಡೆದಿದೆ.
ಸಿಗ್ನಲ್ಲಿನಲ್ಲಿ ನಿಂತು, ರೂಢಿಯಂತೆ, ಕಣ್ಣು ಅತ್ತ ಇತ್ತ,
ಮುಳ್ಳನ್ನು ಕಾಲು ಚಾಚಿದ ಸೌಟಿಗೆ ತಂದನಂತೆ, ಗಾಡಿ ಸುಮ್ಮನಿರಲಿ ಅಂತ.
ಹನ್ನೊಂದು ವರ್ಷ ಸುಮ್ಮನೆ ಇದ್ದ ಜಾಗ ಅದು.
ಹಿಂದೆ ಆಟೋ ಇತ್ತು. ಆಟೋದಲ್ಲಿ ಒಂದು ಮದುವೆ ಕೇಕು.
ಐಸು ಒಂದೂ ಒಡೆಯಲಿಲ್ಲ, ಅದನ್ನು ಎರಡು ಸಲ ಹೇಳಿದ.

'ಎಫ್‌ಸಿ ಆಯಿತಲ್ಲಮ್ಮಾ' ಅಂದ, ನನ್ನ ಮುಖ ನೋಡದೆ,
'ಇನ್ನು ಅದನ್ನು ಅದರ ಜಾಗಕ್ಕೆ ಹಾಕಿಬಿಡು.'

ಸರಿ ಕೂಡಿಸಲು ಹತ್ತು ನಿಮಿಷ ಹಿಡಿದಿತ್ತು.
ತಪ್ಪಿಗೆ ಒಂದು ಮಧ್ಯಾಹ್ನ.
ಏಣಿಯ ಮೇಲೆ ಅಂದರೆ ಸಾಲದು ಅವನಿಗೆ,
ಏಣಿಯ ಎರಡನೇ ಕಾಲಿಗೆ ತಾಗಿಯೂ ತಾಗದ ಹಾಗೆ,
'ಇನ್ನೊಂಚೂರು. ಇಲ್ಲ, ಜಾಸ್ತಿಯಾಯಿತು. ವಾಪಸ್.'
ಸ್ಕ್ರೂ ತಿರುಗಿಸುತ್ತಾ ನನ್ನ ಹೆಬ್ಬೆರಳು ಸಿಪ್ಪೆ ಎದ್ದಿತು.
ರೇಷ್ಮೆ ಮಾತ್ರ ಒಂದು ಕೂದಲೂ ಜಗ್ಗಲಿಲ್ಲ,
ಅಮ್ಮನಿಗೆ ಹೇಳಬೇಕು.

ದುಡ್ಡಿನ ಬದಲು ಹೊಟ್ಟು ಸುತ್ತಿದ ಐಸಿನ ದಿಮ್ಮಿ ಇಳಿಸಿದ.
ಎದುರು ಸಾಲಿನವರೆಲ್ಲ ಲೋಟ ಹಿಡಿದು ಬಂದರು.
ಅವನು ಕಡ್ಡಿ ಎಳೆದ. ಮುಳ್ಳು ಮುರಿದ ಏಣಿಗೆ ಬಂದು ನಿಂತಿತು,
ಗಾಡಿ ಹೊರಟಿತು.