ತಪ್ಪಿದ ಗುಂಡಿ

ಬಳ್ಳಾರಿ, ಕೌಲ್‌ಬಜಾರಿನ ಹಿಂದಿನ ಓಣಿ, ಎರಡನೆಯ ಮಹಡಿ.
ಕೆಳಗೆ ಹೊಲಿಗೆ ಮಷಿನ್ನುಗಳು ಓಡಿದಾಗ
ನಮ್ಮ ಮೇಜಿನ ಮೇಲಿನ ಮೌಸು ತಾನಾಗಿ ಸರಿಯುತ್ತದೆ.
ಹನ್ನೊಂದು ಕಂಪ್ಯೂಟರು, ಹತ್ತೊಂಬತ್ತು ಮಂದಿ,
ಉಡುಪು ವಿನ್ಯಾಸದ ಡಿಪ್ಲೊಮಾ, ಎರಡನೆಯ ವರ್ಷ.
ಕೋಡ್ ಎಂದೊಡನೆ ಕಿಟಕಿಯಾಚೆ ನೋಡುತ್ತಾರೆ.
ಅಲ್ಲಿ ಬೆಟ್ಟ, ಒಂದೇ ಬೋಳು ಬಂಡೆ.
ಅದಕ್ಕೂ ಗೊತ್ತಿಲ್ಲ.

ಮೊದಲ ವಾರ ನಾನೇ ಕೆಡಿಸಿದೆ.
ಹಲಗೆಯ ಮೇಲೆ ‘ವೇರಿಯಬಲ್’ ಎಂದು ಬರೆದು
ಅಡಿಗೆರೆ ಎಳೆದೆ, ಇನ್ನೊಂದು ಎಳೆದೆ.
ಮೂರನೆಯ ಗೆರೆಯ ಹೊತ್ತಿಗೆ ಕರೆಂಟು ಹೋಯಿತು.
ಎಲ್ಲರಿಗೂ ಸಮಾಧಾನವಾಯಿತು, ನನಗೂ.

ಎರಡನೆಯ ವಾರ ಆಟ ತಂದೆ.
ಮೇಲಿಂದ ಒಂದು ಗುಂಡಿ ಬೀಳುತ್ತದೆ.
ಕೆಳಗೆ ಒಂದು ಜೇಬು, ಬಾಣದ ಕೀಲಿ ಒತ್ತಿದರೆ
ಎಡಕ್ಕೆ, ಬಲಕ್ಕೆ.
ಸಿಕ್ಕರೆ ಒಂದು ಅಂಕ. ಇಷ್ಟೇ.

ಜೇಬು ಬಿಡಿಸಿ ಎಂದದ್ದೇ ತಡ,
ಗಾದಿಲಿಂಗ ಅಂಚಿಗೆ ಜೋಡಿ ಹೊಲಿಗೆ ಹಾಕಿದ,
ಚುಕ್ಕಿ ಚುಕ್ಕಿಯಾಗಿ, ಕಿತ್ತಳೆ ದಾರದಲ್ಲಿ.
ಶಾಹೀನಾ ಒಗೆದು ಮಾಸಿದ ನೀಲಿಗಾಗಿ
ಮುಕ್ಕಾಲು ಗಂಟೆ ಮೂರು ಸಂಖ್ಯೆಗಳ ಜೊತೆ ಜಗಳವಾಡಿದಳು:
“ಇದು ಒಂದೇ ನೀರು ಕಂಡೈತಿ ಮೇಡಂ, ಇನ್ನೊಂದು ನೀರು ಬೇಕು.”
ಮತ್ತೆ ತೊಳೆದಳು, ಕೀಲಿಮಣೆಯಲ್ಲೇ.
ನಾನು ಕಲಿಸುವ ಮೊದಲೇ ಅವಳ ಕೈಗೆ
ವೇರಿಯಬಲ್ ಬಂದುಬಿಟ್ಟಿತ್ತು,
ಬಾಬಿನ್ ಬಂದ ಹಾಗೆ.

ಪರದೆಯ ಮೇಲೆ ಕೆಳಗಿಳಿದಷ್ಟೂ ಸಂಖ್ಯೆ ಏರುತ್ತದೆ.
ಇದೆಂಥ ಲೆಕ್ಕ ಎಂದು ಅರ್ಧ ತರಗತಿ ಮುನಿಸಿಕೊಂಡಿತು.
ಸಂಡೂರು ಕಡೆಯ ಲಾರಿಯವರ ಮಗ ಯರ್ರಿಸ್ವಾಮಿ
ಚೂರೂ ಬೆರಗಾಗಲಿಲ್ಲ:
“ಗಣಿ ಲೆಕ್ಕ ಅಲ್ಲೇನ್ರಿ. ಇಳಿದಷ್ಟೂ ಜಾಸ್ತಿ.”

ಮೂರು ಗಂಟೆಗೆ, ಕಿಟಕಿಯ ಸರಳು ಮುಟ್ಟಲಾಗದ ಬಿಸಿಲಲ್ಲಿ,
ಎಲ್ಲರ ಗುಂಡಿಯೂ ಬೀಳುತ್ತಿತ್ತು.
ಹಿಡಿದವರು ಕೂಗಿದರು. ಬಿಟ್ಟವರು ಇನ್ನೂ ಜೋರಾಗಿ ಕೂಗಿದರು.
ಕೆಳಗಿನ ಶೆಡ್ಡಿನವರು ಕೋಲಿನಿಂದ ಸೂರಿಗೆ ಬಡಿದರು.

ಮಾರೆಕ್ಕ ಒಬ್ಬಳೇ ಸುಮ್ಮನಿದ್ದಳು.
“ತಪ್ಪಿದ ಗುಂಡಿ ಎಲ್ಲಿಗೆ ಹೋತು ಮೇಡಂ?”
ಎಲ್ಲಿಗೂ ಇಲ್ಲ, ಪರದೆ ಮುಗಿಯಿತಲ್ಲ ಎಂದೆ.
“ಪರದೆ ಮುಗೀತು. ಗುಂಡಿ?”

ಉತ್ತರ ಗೊತ್ತಿತ್ತು. ಹೇಳುವ ಬದಲು ಒಂದು ಸಾಲು ಬರೆಸಿದೆ:
ಗುಂಡಿ ಎಲ್ಲಿದೆಯೋ ಆ ಸಂಖ್ಯೆಯನ್ನು ಮೂಲೆಯಲ್ಲಿ ತೋರಿಸು.
ಪರದೆಯ ಎತ್ತರ ಆರುನೂರು.
ಮೂಲೆಯಲ್ಲಿ ಏಳುನೂರು. ಸಾವಿರದ ಇನ್ನೂರು.
ನಾಲ್ಕು ಸಾವಿರ.
ಯಾರೂ ನೋಡದ ಕಡೆ ಅದು
ಅದೇ ವೇಗದಲ್ಲಿ, ಅಷ್ಟೇ ಶ್ರದ್ಧೆಯಿಂದ ಬೀಳುತ್ತಲೇ ಇತ್ತು.
ಎಲ್ಲರೂ ಒಂದು ಕಂಪ್ಯೂಟರಿನ ಸುತ್ತ
ಕಾಣದ ಗುಂಡಿಯನ್ನು ನೋಡುತ್ತ ನಿಂತರು.

ಅಳಿಸಬಹುದು, ಒಂದೇ ಪದ ಸಾಕು, ಎಂದೆ.
ಮಾರೆಕ್ಕ ಒಪ್ಪಲಿಲ್ಲ.
ಅವಳ ಅವ್ವ ಕೆಳಗಿನದೇ ಶೆಡ್ಡಿನಲ್ಲಿ ದಾರ ಕತ್ತರಿಸುವಾಕೆ.
ಸಂಜೆ ಮಷಿನ್ನು ನಿಂತ ಮೇಲೆ
ಹಗ್ಗಕ್ಕೆ ಕಟ್ಟಿದ ಆಯಸ್ಕಾಂತವನ್ನು
ನೆಲದುದ್ದಕ್ಕೂ ನಾಯಿಮರಿಯಂತೆ ಎಳೆದುಕೊಂಡು ಹೋಗುತ್ತಾಳೆ.
ಬಿದ್ದ ಗುಂಡಿ, ರಿವೆಟ್ಟು, ಮುರಿದ ಸೂಜಿ
ಟಕ್ ಟಕ್ ಎಂದು ಅಂಟಿಕೊಳ್ಳುತ್ತವೆ.
ಸೂಜಿ ಬೇರೆ, ಗುಂಡಿ ಬೇರೆ. ಗುಂಡಿ ಮತ್ತೆ ಡಬ್ಬಿಗೆ.
“ಒಗದ್ರ ಪಗಾರದಾಗ ಹಿಡೀತಾರ್ರಿ.”

ತಾನೇ ಬರೆದಳು, ಒಂದೇ ಬೆರಳಿನಲ್ಲಿ:
ಗುಂಡಿ ಆರುನೂರು ದಾಟಿದರೆ
ಗುಂಡಿ ಸೊನ್ನೆ.
ಒಂದು ಆವರಣ ಮುಚ್ಚಿರಲಿಲ್ಲ. ಮುಚ್ಚಿದಳು.
ತಪ್ಪಿದ್ದು ಮೇಲಿಂದ ಮತ್ತೆ ಇಳಿಯಿತು,
ಏನೂ ಆಗಿಲ್ಲವೆಂಬಂತೆ.
ಪಠ್ಯಕ್ರಮದ ಪ್ರಕಾರ ಅದು ಆರನೆಯ ವಾರದ ಪಾಠ.

ಆರೂವರೆಗೆ ಒಂದೊಂದೇ ಕಂಪ್ಯೂಟರು ಆರಿಸುವಾಗ
ಕೆಳಗೆ ಮಷಿನ್ನುಗಳೂ ನಿಂತವು.
ಸ್ವಲ್ಪ ಹೊತ್ತಿಗೆ, ಟಕ್.
ಆಮೇಲೆ ಎರಡು, ಒಟ್ಟಿಗೆ.
ಯಾರೂ ಚೀಲ ಎತ್ತಿಕೊಳ್ಳಲಿಲ್ಲ.
ಗಾದಿಲಿಂಗ ಬಾಗಿಲ ಬಳಿ, ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ,
ಎಣಿಸುತ್ತ ನಿಂತಿದ್ದ:
“ಹದಿನಾಲ್ಕು.”