ಮೂವತ್ತೊಂದನೆಯ ಸಾಲು

ಅಮೀನಗಡದ ಸಂತೆಯಲ್ಲಿ ಕೈ ಬದಲಾದ ಕುರಿಗಳು
ದಾವಲಸಾಬರ ಅಂಗಡಿಗೆ ನಸುಕಿನಲ್ಲಿ ಬಂದವು.
ಮಾಂಸಕ್ಕೆ ಗಿರಾಕಿಗಳು ಬೇರೆ.
ನಾನು ಕೇಳಿದ್ದು ನಾಲ್ಕನೆಯ ಹೊಟ್ಟೆ ಮಾತ್ರ.
"ಅದ್ರಾಗ ಏನ್ ಸಿಗತೈತ್ರೀ ಬಾಯಾರ?"
ಲೆಕ್ಕ, ಅಂದೆ.
ನಕ್ಕರು. ದುಡ್ಡು ಹಿಡಿಯಲಿಲ್ಲ.

ಹುನಗುಂದದ ಪಶು ಆಸ್ಪತ್ರೆಯ ಹಿಂದಿನ ಕೋಣೆ,
ನಲವತ್ತು ಬಕೆಟ್ಟು, ನಲವತ್ತು ಚೀಟಿ.
ರುಕ್ಮವ್ವ ಜರಡಿ ಹಿಡಿದಳು, ನಾನು ನೀರು ಬಿಟ್ಟೆ.
ಕಪ್ಪು ತಟ್ಟೆಯ ಮೇಲೆ ತೇಲಿ ಬಂತು ಹುಳು,
ಕೆಂಪಿಗೆ ಬಿಳಿ ಸುತ್ತಿದ ಸಣ್ಣ ಹುರಿ.
"ನಮ್ಮ ಮಗ್ಗದಾಗ ಇಷ್ಟು ತೆಳ್ಳಗ ಬರೂದಿಲ್ರಿ,"
ಅಂದಳು, ಇಳಕಲ್ಲಿನಲ್ಲಿ ಇಪ್ಪತ್ತು ವರ್ಷ ಲಾಳಿ ಎಸೆದವಳು.
ಚಿಮಟದಿಂದ ಒಂದೊಂದೇ ಎತ್ತಿ ಎಣಿಸಿದಳು:
ಲಾಭ, ಎರಡು, ಮೂರು...
ಜೋಳ ಅಳೆಯುವವರ ಹಾಗೆ ಒಂದಕ್ಕೆ ಒಂದು ಅನ್ನದೆ.
ಯಾರ ಲಾಭವೋ.

ತಂತ್ರಾಂಶಕ್ಕೆ ಅಂದಚಂದ ಇಲ್ಲ,
ಬೂದು ಪರದೆ, ನಾಲ್ಕು ಗುಂಡಿ.
ಊರ ಹಿರಿಯನ ಹಾಗೆ ಒಂದೊಂದೇ ಕೇಳುತ್ತದೆ:
ಎಷ್ಟು ಜೀವ ನೋಡಿದಿ? ಎಷ್ಟರಲ್ಲಿ ಇತ್ತು?
ಇದ್ದವುಗಳಲ್ಲಿ ಎಷ್ಟೆಷ್ಟು?
ಸರಾಸರಿ ಕೇಳಿದರೆ ಕೊಡುತ್ತದೆ,
ನಂಬು ಅಂತ ಮಾತ್ರ ಹೇಳುವುದಿಲ್ಲ.

ಇಪ್ಪತ್ತೆರಡು ಕುರಿಗಳಲ್ಲಿ ಸೊನ್ನೆ.
ಹದಿನೇಳರಲ್ಲಿ ಸೇರಿ ಸಾವಿರದ ಏಳುನೂರು.
ಭಾಗಿಸಿದರೆ ತಲೆಗೆ ನೂರು, ಎಷ್ಟು ನೀಟಾಗಿದೆ!
ನೂರು ಹುಳು ಹೊತ್ತ ಕುರಿ ಪಟ್ಟಿಯಲ್ಲಿ ಒಂದೂ ಇಲ್ಲ.
ನಟ್ಟನಡುವೆ ನಿಂತದ್ದಕ್ಕೆ ಇಪ್ಪತ್ತೊಂದು.
ಹನ್ನೆರಡನೆಯ ಸಾಲಿನ ಹೆಣ್ಣುಕುರಿ
ಒಂಟಿಯಾಗಿ ಹೊತ್ತದ್ದು ಸಾವಿರದ ನೂರ ನಲವತ್ತು.
ಕೊಯ್ಯುವ ಮುಂಚೆ ಅದರ ಕೆಳರೆಪ್ಪೆ ಎಳೆದು ನೋಡಿದ್ದೆ,
ಸುಣ್ಣ ಬಳಿದ ಗೋಡೆ.
ಹಿಂಡಿಗೆ ಬಂದ ರೋಗ ಅಂತ ವರದಿ ಬರೆಯುತ್ತೇವೆ.
ಹಿಂಡಿನ ಪಟ್ಟಿಯನ್ನು ಅವಳೊಬ್ಬಳೇ ಕಟ್ಟುತ್ತಿದ್ದಳು.

ಗುಂಡಿ ಒತ್ತಿದೆ.
ತಂತ್ರಾಂಶ ತನ್ನದೇ ಸಂತೆ ಕೂಡಿಸಿತು.
ಅವೇ ಕುರಿ, ಚೀಟಿ ಎತ್ತಿದ ಹಾಗೆ ಎತ್ತಿ,
ತಿರುಗಿ ಒಳಗಿಟ್ಟು, ಕಲಸಿ, ಮತ್ತೆ ಎತ್ತಿ,
ಎರಡು ಸಾವಿರ ಸಂತೆ, ಒಂದು ಗುಟುಕು ಚಹಾ ಮುಗಿಯುವುದರೊಳಗೆ.
ಕೆಲವು ಸಂತೆಗೆ ಹನ್ನೆರಡನೆಯವಳು ಬರಲೇ ಇಲ್ಲ,
ಸೀಮೆಯೆಲ್ಲ ಸೌಖ್ಯ.
ಒಂದಕ್ಕೆ ಮೂರು ಸಲ ಬಂದಳು,
ಮೂರು ಸಲವೂ ಅದೇ ಬಿಳಿ ಕಣ್ಣು.
ಸತ್ತ ಮೇಲೆ ಇಷ್ಟು ಓಡಾಟ ಯಾರಿಗೂ ಬೇಡ.
ಕೊನೆಗೆ ಅದು ಹೇಳಿದ್ದು ಇಷ್ಟು:
ಮೂವತ್ತೂ ಇರಬಹುದು, ಮುನ್ನೂರೂ ಇರಬಹುದು,
ನಿನಗೆ ಗೊತ್ತಿರುವುದರ ಅಗಲ ಇದು.

ಇನ್ನು ಮೂವತ್ತೊಂದನೆಯ ಸಾಲು.
ಕರೆಂಟು ಹೋದಾಗ ಬಾಗಿಲು ತೆರೆದಿಟ್ಟಿದ್ದೆವು,
ಆ ಬಕೆಟ್ಟನ್ನು ನಾಯಿ ಎಳೆದುಕೊಂಡು ಹೋಯಿತು.
ಅರ್ಜಿಯಲ್ಲಿ ನಲವತ್ತು ಅಂತ ಬರೆದುಕೊಟ್ಟಿದ್ದೇನೆ.
ಖಾಲಿ ಮನೆಯಲ್ಲಿ ಕರ್ಸರು ಮಿನುಗುತ್ತಿದೆ.
ಒಂದು ಸೊನ್ನೆ ಒತ್ತಿದರೆ ನೂರಕ್ಕೆ ಒಂದಂಶ ಇಳಿದೀತು,
ಯಾರಿಗೆ ಗೊತ್ತಾಗುತ್ತದೆ?
ಬೆರಳು ಅಲ್ಲೇ ಇತ್ತು.

ರುಕ್ಮವ್ವ ಜರಡಿ ತೊಳೆಯುತ್ತ, ತಿರುಗದೆಯೇ,
"ಅದನ್ನ ನಾವು ನೋಡೇ ಇಲ್ಲಲ್ರೀ.
ಸೊನ್ನಿ ಅಂದ್ರ ನೋಡೀವಿ, ಇದ್ದಿಲ್ಲ ಅಂತ.
ನೋಡಲಾರದ್ದಕ್ಕ ಬರ‍್ಯಾಕ ಏನೂ ಇಲ್ರಿ."

ಮೂವತ್ತೊಂಬತ್ತು ಅಂತ ತಿದ್ದಿದೆ.
ಬಾಗಿಲ ಹೊರಗೆ, ಬೇವಿನ ನೆರಳಲ್ಲಿ,
ನಾಯಿ ಕಾಲು ಚಾಚಿ ಮಲಗಿತ್ತು,
ಹೊಟ್ಟೆ ಏರುತ್ತ, ಇಳಿಯುತ್ತ.