ಪೊಳ್ಳು ಕಲ್ಲಿನ ರೈಲು

ತಪಾಸಣಿಗೆ ಕಲಬುರಗಿಯಿಂದ ಬಂದ ಹುಡುಗ ಕೇಳಿದ:
ಇದು ಹುಟ್ಟಿದ್ದು ಯಾವಾಗ?
ನಾನು ಕಂಬದ ಬಣ್ಣ ಉಗುರಿನಿಂದ ಕೆರೆದೆ.
ಮೊದಲು ಕಂದು. ಕಂದಿನ ಕೆಳಗ ಹಳದಿ.
ಹಳದಿ ದಾಟಿದರ ಹಸಿರು,
ಮೀನಿನ ಹುರುಪಿ ಕೊರೆದಂಗ.
ಬರಕೋರಿ, ಅಂದೆ. ನನಗ ಗೊತ್ತಿದ್ದದ್ದು ಇಷ್ಟೇ.

ಸೊಲ್ಲಾಪುರದಾಗ ಮುಚ್ಚಿದ ಪಾರ್ಕಿನಿಂದ
ಎರಡು ಲಾರಿಯಾಗ ಬಂತು, ಹಗ್ಗ ಬಿಗಿಸಿಕೊಂಡು.
ಅಲ್ಲಿ ಇದು ಡ್ರ್ಯಾಗನ್. ಕೆಂಪು ನಾಲಿಗಿ, ಬಲ್ಬಿನ ಕಣ್ಣು.
ಅಕ್ಕಲಕೋಟ ದಾಟಿದ ಮ್ಯಾಲ ಒಂದು ತಿರುವಿನಾಗ
ಬೇವಿನ ಟೊಂಗಿ ಬಡಿದು ರುಂಡ ಹೋತು.
ಕ್ಲೀನರ್ ಹುಡುಗ ನಾಲಿಗಿ ಒಂದೇ ಆರಿಸಿಕೊಂಡು ತಂದಿದ್ದ,
ಬಾಡಿಗಿ ಮುರೀಬ್ಯಾಡ್ರಿ ಅಂತ.
ಈಗದು ಟಿಕೀಟಿನ ಖೋಲ್ಯಾಗ ಮೊಳಿಗೆ ಜೋತುಬಿದ್ದದ,
ನಾನು ಅದಕ್ಕ ಛತ್ರಿ ಸಿಗಿಸತೀನಿ.

ಮಾಲಕ, ಮುಡಬೂಳ ಚನ್ನಮಲ್ಲಪ್ಪ,
ಮೂರು ದಿನ ಆ ರುಂಡಿಲ್ಲದ ಮೈ ಸುತ್ತ ತಿರುಗಿದ.
ನಾಲ್ಕನೇ ದಿನ ಹೇಳಿದ: ಗಣಿ ರೈಲು ಮಾಡೂಣು.
ಶಹಾಬಾದಿನಾಗ!
ಕೆಲಸ ನಿಂತ ಫರಸಿ ಖಣಿಯ ದಂಡಿಗೆ,
ಎಲ್ಲಿ ಎಡವಿದರೂ ಕಲ್ಲೇ ಹತ್ತೋ ಊರಾಗ,
ಫೈಬರಿನ ಬಂಡೆಗಲ್ಲು ಮಾಡಲಿಕ್ಕೆ
ಮಶಾಕನಿಗೆ ಇಪ್ಪತ್ತೆಂಟು ಸಾವಿರ ಎಣಿಸಿದ.
ಮಶಾಕ ಎರಡು ತಿಂಗಳು ಕೆಮ್ಮಿಕೋತ ಮಾಡಿದ,
ಖರೇ ಕಲ್ಲು ಒಂದು ಎದುರಿಗಿಟ್ಟುಕೊಂಡು.
ಕಡೀಗೆ ಹಚ್ಚಿದ್ದು ಬ್ಯಾರೆ ಬಣ್ಣ.
ನಮ್ಮ ಕಲ್ಲು ಭಾಳ ಸಪ್ಪಗದ,
ಹುಡುಗರು ನಂಬಂಗಿಲ್ಲ, ಅಂದ.

ನನ್ನವ್ವ ಅಂಬವ್ವ ಅದೇ ಖಣಿಯಾಗ
ಇಪ್ಪತ್ತೆರಡು ವರ್ಷ ಫರಸಿ ಹೊತ್ತಾಕಿ.
ಖಣಿಗೆ ನೀರು ನಿಂತ ಮ್ಯಾಲ ಪಾರ್ಕಿನ ಕಸಕ್ಕ ಬಂದಿದ್ದಳು.
ಮೊದಲ ಟ್ರಯಲ್ ಉಸುಕಿನ ಚೀಲದ್ದು:
ಹದಿನಾರು ಚೀಲ ಕುಂತು ಹೋದವು, ಹದಿನೈದು ಬಂದವು.
ಎರಡನೇದಕ್ಕ ಮನಷ್ಯಾರು ಬೇಕು ಅಂದಾಗ
ಎಲ್ಲರಿಗೂ ಚಾದ ನೆನಪಾತು.
ಅವ್ವ ಕಸಬರಗಿ ಕಟಾಂಜನಕ್ಕ ಆನಿಸಿಟ್ಟು
ಮುಂದಿನ ಡಬ್ಬಿಯಾಗ ಕುಂತಳು.

ನಲವತ್ತೊಂದು ಸೆಕೆಂಡ್.
ಸರಪಳಿ ಟಕ್ ಟಕ್ ಅನ್ನಕೋತ ಎಳೀತದ,
ತುದಿಗೆ ಹೋದರ ವಾಡಿ ಕಡೀಯ ಹೊಗಿ,
ಯಾವುದೋ ಮಾಲಗಾಡಿಯ ಬೆನ್ನು.
ಆಮ್ಯಾಲ ಒಮ್ಮೆಲೇ ಇಳಿಜಾರು, ಎಡಕ, ಸುರಂಗ,
ಕತ್ತಲ, ಬೆಳಕ.
ಚೀರಲಿಲ್ಲ. ಸೆರಗು ಹಲ್ಲಾಗ ಹಿಡಿದಿದ್ದಳು.
ಇಳಿದಾಕಿ ನೆಟ್ಟಗ ಮಶಾಕನ ಬಂಡೆಗಲ್ಲಿನ ಹತ್ರ ಹೋಗಿ
ಬೆರಳ ಗೆಣ್ಣಿನಿಂದ ಬಡಿದಳು,
ಫರಸಿಯ ಒಳಬಿರುಕು ಕಿವಿಯಿಂದ ಹುಡುಕೋ ಹಂಗ.
"ಪೊಳ್ಳದ."
ಹೇಳಿ ನಕ್ಕಳು. "ಇಂಥವು ಇದ್ದಿದ್ದರ
ನನ್ನ ನಡ ಇನ್ನೂ ನೆಟ್ಟಗಿರ್ತಿತ್ತು."

ಮತ್ತ ಹೇಳಿದಳು: ಒಂಬತ್ತನೇ ಕಂಬಕ್ಕ ಗುದ್ದತದ.
ಇಂಜಿನಿಯರ್ ಟೇಪು ಹಿಡಿದು ಅಳೆದ, ಸರಿ ಅದ ಅಂದ.
ಮತ್ತೊಮ್ಮೆ ಅಳೆದ. ಎರಡು ಬೆರಳು ಗಿಡ್ಡ.
ವೆಲ್ಡರ್ ಮದುವಿಗೆ ಹೋಗಿದ್ದ; ನಾಡದ ಉದ್ಘಾಟನೆ.
ಅವ್ವ ಖಣಿ ದಂಡಿಯಿಂದ ಒಂದು ಹಲ್ಲೆ ತಂದಳು,
ಎರಡು ಬೆರಳು ದಪ್ಪದ್ದು,
ಉಳಿ ಕೇಳಿ ಇಸಕೊಂಡು ಅಂಚು ತಾನೇ ಹೊಡೆದಳು.
ಕಂಬ ಎತ್ತಿ ಒಳಗ ಸರಿಸಿದರು. ಮ್ಯಾಲ ಕಾಂಕ್ರೀಟು.
ಎರಡನೇ ಸಲ ಆಕಿ ಕೂಡಲಿಲ್ಲ.
ಯಾಕವ್ವ ಅಂದರ, ನೋಡಿದ್ದಾತಲ್ಲ ಅಂತಿದ್ದಳು.

ಆಮ್ಯಾಲಿಂದು ಎಲ್ಲರಿಗೂ ಗೊತ್ತದ.
ನಡುವ ಒಂದು ವರ್ಷ ಭೂತದ ಗುಹಾ ಅಂತ ಹೆಸರಿಟ್ಟು
ಎಲುಬಿನ ಗೊಂಬಿ ಇಟ್ಟರು, ಕೂಸುಗಳು ಉಚ್ಚಿ ಹೊಯ್ದವು,
ತೆಗೆದರು. ಬೀಗ ಬಿದ್ದ ಆ ಎರಡು ಬ್ಯಾಸಗಿ
ಸುರಂಗದಾಗ ಕಣಜ ಗೂಡು ಕಟ್ಟಿದವು,
ಮೂರನೇ ಡಬ್ಬಿಯಾಗ ನಾಯಿ ಐದು ಮರಿ ಹಾಕಿತ್ತು.
ಮೋಟರ್ ಚಾಲೂ ಮಾಡಿದ ದಿನ
ತಾಯಿ ಒಂದೊಂದೇ ಬಾಯಾಗ ಕಚಗೊಂಡು
ಮಶಾಕನ ಕಲ್ಲಿನ ಪೊಳ್ಳಿನಾಗ ಒಯ್ದಿಟ್ಟಿತು.
ಆ ಕಲ್ಲು ಕೆಲಸಕ್ಕ ಬಂದದ್ದು ಅದೊಂದು ಸಲ.

ಹುಡುಗ ಬರದುಕೊಂಡ: ಕಬ್ಬಿಣ. ಫೈಬರ್.
ಮತ್ತೇನರ ಸಾಮಾನು ಅದಏನ್ರೀ ಇದರಾಗ?
ಕುಂದರ್ರಿ, ಒಂದು ಸುತ್ತು ಹೋಗಿ ಬರ್ರಿ, ಅಂದೆ.
ಬ್ರೇಕಿನ ಹಿಡಿ ಬಿಟ್ಟೆ.
ಕ್ಲಿಪ್‌ಬೋರ್ಡು ಎದಿಗವಚಿಕೊಂಡು ಏರಿದ,
ಬಿದ್ದ, ಚೀರಿದ, ಎಡಕ ಹೊಳ್ಳಿದ.
ಒಂಬತ್ತನೇ ಕಂಬ ದಾಟಿತು.
ಅವನಿಗೆ ಗೊತ್ತಾಗಲಿಲ್ಲ.